ಬಚ್ಚಲುಮನೆಯ ದೊಡ್ಡ ಫ್ಯಾನು

ಬಾಡಿಗೆ ಮನೆ ನೋಡಲು ಹೋದವರು ಏನೇನೋ ನೋಡುತ್ತಾರೆ. ನೀರು ಜೋರಾಗಿ ಬರುತ್ತದೆಯೋ, ಬಾಲ್ಕನಿಗೆ ಬಿಸಿಲು ಬೀಳುತ್ತದೆಯೋ, ಮೆಟ್ರೋ ಎಷ್ಟು ದೂರ, ಕರೆಂಟು ಹೋದರೆ ಲಿಫ್ಟು ನಡೆಯುತ್ತದೆಯೋ ಇಲ್ಲವೋ. ನನ್ನ ಮಾತು ಕೇಳಿ: ಮೊದಲು ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಫ್ಯಾನಿನ ಸ್ವಿಚ್ ಒತ್ತಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಆಮೇಲೆ ಸ್ವಿಚ್ ಆರಿಸಿ ಇನ್ನೂ ಎರಡು ನಿಮಿಷ ನಿಲ್ಲಿ. ಮುಖ್ಯವಾದದ್ದು ಎರಡನೆಯದು. ನಾನು ಅದನ್ನು ಮಾಡಲಿಲ್ಲ.

ದೆಹಲಿಯ ಪಕ್ಕದ ಇಂದಿರಾಪುರಂನಲ್ಲಿ ನಮ್ಮದು ಎಂಟನೇ ಮಹಡಿ. ಬಚ್ಚಲಿಗೆ ಕಿಟಕಿ ಇಲ್ಲ. ಗೋಡೆಯ ಮೇಲ್ಗಡೆ ಒಂದು ತೂತು, ತೂತಿನಲ್ಲಿ ಎಕ್ಸಾಸ್ಟ್ ಫ್ಯಾನು, ಅದರ ಆಚೆ ಶಾಫ್ಟು. ಶಾಫ್ಟು ಅಂದರೆ ನೆಲದಿಂದ ತಾರಸಿಯವರೆಗೆ ಬಾವಿಯ ಹಾಗೆ ನಿಂತ ಕತ್ತಲೆ. ಹದಿನಾಲ್ಕು ಮಹಡಿಗಳ ಬಚ್ಚಲುಗಳೂ ಅದರೊಳಕ್ಕೇ ಉಸಿರು ಬಿಡುತ್ತವೆ. ನಾವು ಬಂದಾಗ ಇದ್ದದ್ದು ಪುಟ್ಟ ಪ್ಲಾಸ್ಟಿಕ್ ಫ್ಯಾನು. ಕಿರ್ ಕಿರ್ ಅನ್ನುತ್ತಿತ್ತು. ಮಾಲೀಕರಿಗೆ ಫೋನ್ ಮಾಡಿದೆ. "ಛೋಟೀ ಸೀ ಚೀಜ಼್ ಹೈ ಭಾಯಿಸಾಬ್, ಆಪ್ ಹೀ ದೇಖ್ ಲೀಜಿಯೇ" ಅಂದರು. ತಪ್ಪು ಅವರದಲ್ಲ. ಮನೆಗೆ ಹೊಸದಾಗಿ ಬಣ್ಣ ಹೊಡೆಸಿಕೊಡುತ್ತೀರಾದರೆ ಸಣ್ಣಪುಟ್ಟ ರಿಪೇರಿ ನನ್ನದು ಎಂದು ಕರಾರಿನಲ್ಲಿ ಬರೆಸಿದ್ದವನು ನಾನೇ. ಆ ದಿನ ಗೆದ್ದೆ ಅಂದುಕೊಂಡಿದ್ದೆ.

ಚೌಕಾಸಿ ನನ್ನ ಅನ್ನ. ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಹಾಸುವ ಕೆಲಸದಿಂದ ಶುರು ಮಾಡಿದವನು ನಾನು. ಈಗ ಘಾಜಿಯಾಬಾದಿನ ಕಾರ್ಖಾನೆಗಳಿಗೆ ರಟ್ಟಿನ ಡಬ್ಬ ಒದಗಿಸುತ್ತೇನೆ. ಅಂಗಡಿಯ ಗಲ್ಲಾದ ಪಕ್ಕ ನಿಂತು ಕಲಿತದ್ದು ಒಂದೇ ಸೂತ್ರ: ನಮ್ಮ ಅವಸರ ಎದುರಿನವನಿಗೆ ಗೊತ್ತಾಗಬಾರದು. ಗೊತ್ತಾಯಿತೋ, ಮುಗಿಯಿತು. ಹಾಗಾಗಿ ಹಳೆ ದೆಹಲಿಯ ಗಲ್ಲಿಯೊಂದರಲ್ಲಿ ಫ್ಯಾನು ಕೊಳ್ಳಲು ಹೋದಾಗ ಮೂರು ಸಲ ಅಂಗಡಿಯ ಮೆಟ್ಟಿಲು ಇಳಿದು, ಮೂರು ಸಲವೂ ವಾಪಸ್ ಕರೆಸಿಕೊಂಡೆ. ಕೊನೆಗೆ ಪ್ಲಾಸ್ಟಿಕ್ ಫ್ಯಾನಿನ ಬೆಲೆಗೆ ಕಬ್ಬಿಣದ್ದನ್ನು ಹೊತ್ತುಕೊಂಡು ಬಂದೆ. ಹೋಟೆಲ್ ಅಡುಗೆಮನೆಗೆ ಹಾಕುವಂಥದ್ದು. ಅಷ್ಟಗಲದ ರೆಕ್ಕೆ. ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಜನ ನೋಡುತ್ತಿದ್ದರು, ನನಗೂ ನೋಡಲಿ ಅನ್ನಿಸುತ್ತಿತ್ತು. ಅದು ತೂತಿಗೆ ಹಿಡಿಸಲಿಲ್ಲ. ಗೋಡೆ ಕೆತ್ತಿಸಿ, ಸುತ್ತ ಪ್ಲೈವುಡ್ ಹೊಡೆಸಿ ಕೂರಿಸಿದೆ. ಹಳೆಯದನ್ನು ಅಟ್ಟಕ್ಕೆ ಹಾಕಿದೆ. ಸಾಮಾನು ಎಸೆಯುವವನಲ್ಲ ನಾನು, ನೀವೂ ಎಸೆಯಬೇಡಿ.

ಸ್ವಿಚ್ ಒತ್ತಿದರೆ ಲಾರಿ ಗೇರು ಬದಲಿಸಿದ ಹಾಗೆ. ಬಲ್ಬಿಗೂ ಅದಕ್ಕೂ ಒಂದೇ ಸ್ವಿಚ್ಚು, ಹಾಗಾಗಿ ಮುಖ ತೊಳೆಯಲು ಹೋದರೂ ಗರ್ ಅನ್ನುತ್ತಿತ್ತು. "ಗಾಳಿ ನೋಡು, ಗಾಳಿ!" ಅನ್ನುತ್ತಿದ್ದೆ ನಾನು. ಎಂಟನೇ ಕ್ಲಾಸಿನ ಮಗಳು ಕಿವಿ ಮುಚ್ಚಿಕೊಂಡು, "ಪಪ್ಪಾ ಯಾರ್, ಹೆಲಿಕಾಪ್ಟರ್ ಹೈ ಕ್ಯಾ" ಅನ್ನುತ್ತಿದ್ದಳು. ಹೆಂಡತಿಗೆ ಆಗ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಅವಳ ವಿಷಯ ಹೇಳಬೇಕು. ದಾವಣಗೆರೆಯಲ್ಲಿ ಅವಳು ಕನ್ನಡ ಟೀಚರು. ನನ್ನ ವ್ಯಾಪಾರದ ಹಿಂದೆ ಇಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಇಲ್ಲಿ ಕನ್ನಡ ಟೀಚರಿಗೆ ಕೆಲಸ ಯಾರು ಕೊಡುತ್ತಾರೆ? ಸ್ವಂತ ಮಗಳೇ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಹೇಳುತ್ತಾಳೆ. ಅವಳು ನಾಲ್ಕು ವರ್ಷ ತರಕಾರಿ ಭಯ್ಯಾನ ಜೊತೆ ಮಾತ್ರ ಮಾತಾಡಿಕೊಂಡಿದ್ದಳು, ಅದೂ ತಪ್ಪು ಹಿಂದಿಯಲ್ಲಿ. ಅಂಥ ಹೊತ್ತಿನಲ್ಲಿ ಊರಿನ ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ ಒಂದು ಕೆಲಸ ಬಂತು. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಓದಿ, ರೆಕಾರ್ಡ್ ಮಾಡಿ ಕಳಿಸುವುದು. ಮನೆಯಿಂದಲೇ, ಮೊಬೈಲಿನಲ್ಲೇ. ಮೊದಲು ಒಂದು ಪಾಠ ಪರೀಕ್ಷೆಗೆ. ಅದು ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಅವಳು ಕನ್ನಡಿಯ ಮುಂದೆ ಕೂತು ಓದಿ ಓದಿ ಅಭ್ಯಾಸ ಮಾಡಿದಳು. ಹುಣಸೆಮರದ ಪಾಠ. ಎಲೆ ಬೆರಳಿಗೆ ಹೇಗೆ ತಾಗುತ್ತದೆ, ಕಾಯಿ ಮುರಿದರೆ ಸದ್ದು ಹೇಗಿರುತ್ತದೆ ಎಂದೆಲ್ಲ. ಅವಳ ಆ ದನಿ ನಾನು ಮರೆತೇಬಿಟ್ಟಿದ್ದೆ.

ಸೋಮವಾರ ಪಾಠ ವಾಪಸ್ ಬಂತು. ಓದು ಚೆನ್ನಾಗಿದೆ, ಹಿಂದೆ ಏನೋ ಸದ್ದಿದೆ, ಮತ್ತೆ ಕಳಿಸಿ ಎಂದು.

ಬೀದಿ ಕಡೆಯ ಕೋಣೆಯಲ್ಲಿ ಹಾರ್ನುಗಳ ಕಾಟ. ಉಳಿದದ್ದು ಮಲಗುವ ಕೋಣೆ, ಅದರ ಗೋಡೆಯ ಆಚೆಗೇ ಬಚ್ಚಲು. "ರೀ, ನಾನು ಓದುವಾಗ ಬಚ್ಚಲ ಸ್ವಿಚ್ ಯಾರೂ ಮುಟ್ಟಬೇಡಿ" ಅಂದಳು. ಮುಟ್ಟಲಿಲ್ಲ. ಮಗಳು ಮೊಬೈಲ್ ಟಾರ್ಚ್ ಹಿಡಿದುಕೊಂಡು ಹೋಗಿಬಂದಳು. ಬಾಗಿಲಿನ ಸಂದಿಗೆ ಒದ್ದೆ ಟವೆಲ್ ತುರುಕಿದೆ. ಬೀರುವಿನೊಳಗೆ ಸೀರೆಗಳ ನಡುವೆ ತಲೆ ಇಟ್ಟು ಓದು ಅಂದೆ, ಉಸಿರು ಕಟ್ಟುತ್ತದೆ ಎಂದು ಬೈಸಿಕೊಂಡೆ. ಬುಧವಾರ ಎರಡನೆಯದೂ ವಾಪಸ್ ಬಂತು. ಹಿಂದೆ ಗುಂಯ್ ಎನ್ನುವ ಸದ್ದು, ನಡುನಡುವೆ ಟಕ್ ಟಕ್. ಶನಿವಾರ ಸಂಜೆಯೊಳಗೆ ಸ್ವಚ್ಛವಾದದ್ದು ಬರದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಕೊಡುತ್ತೇವೆ ಎಂದು ಬಹಳ ಮರ್ಯಾದೆಯಾಗಿ ಬರೆದಿದ್ದರು. ಅವಳು ಮೊಬೈಲನ್ನು ಮಗುಚಿ ಮೇಜಿನ ಮೇಲಿಟ್ಟು ಅಕ್ಕಿ ತೊಳೆಯಲು ಹೋದಳು. ಅಕ್ಕಿಯನ್ನು ಬಹಳ ಹೊತ್ತು ತೊಳೆದಳು.

ನನಗೆ ಕೂರಲಾಗಲಿಲ್ಲ. ಕೈಯಲ್ಲಿ ಗಿರಾಕಿಯ ಆರ್ಡರು, ಕಿವಿ ಗೋಡೆಯ ಕಡೆ. ಫ್ಯಾನು ಆರಿಸಿದೆ, ಆದರೂ ಸದ್ದು. ಅಂದಮೇಲೆ ನಮ್ಮ ಫ್ಯಾನಿನದಲ್ಲ, ಬೇರೆಯವರದು! ಹಾಗೆಂದು ತೀರ್ಮಾನ ಮಾಡಿ ಒಂಬತ್ತನೇ ಮಹಡಿಗೆ ಹತ್ತಿದೆ. ಅಲ್ಲಿನ ಆಂಟಿ ಬಾಗಿಲು ತೆಗೆದರು. ಹನ್ನೊಂದರಿಂದ ಹನ್ನೆರಡರವರೆಗೆ ದಯವಿಟ್ಟು ಬಚ್ಚಲ ಫ್ಯಾನು ಹಾಕಬೇಡಿ ಅಂದೆ. "ಅಚ್ಛಾ! ಅಬ್ ನಹಾನೇ ಕಾ ಭೀ ಟೈಮ್ ಟೇಬಲ್ ಬನೇಗಾ?" ಅಂದರು, ಇನ್ನು ಸ್ನಾನಕ್ಕೂ ವೇಳಾಪಟ್ಟಿಯೇ ಅಂತ. ಆಮೇಲೆ ಅವರೇ, ಮಗಳು ಮನೆ ಬದಲಿಸುತ್ತಿದ್ದಾಳೆ, ರಟ್ಟಿನ ಡಬ್ಬ ಸಿಗುತ್ತದೆಯಾ ಎಂದು ಕೇಳಿದರು. ಹತ್ತು ಡಬ್ಬ ಕೇಳಿದವರನ್ನು ಆರಕ್ಕೆ ಇಳಿಸಿ ಒಂದು ಗಂಟೆಯ ಮೌನ ಕೊಂಡು ತಂದೆ. ಕೆಳಗೆ ಬಂದು ಹೆಮ್ಮೆಯಿಂದ ಹೇಳಿದರೆ ಹೆಂಡತಿ ನನ್ನನ್ನೇ ನೋಡಿ, "ಇನ್ನು ಹನ್ನೆರಡು ಮಹಡಿ ಬಾಕಿ ಇದೆ" ಅಂದಳು.

ಶುಕ್ರವಾರ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದ. ನಲವತ್ತರ ಆಸುಪಾಸಿನವನು, ಕಡಿಮೆ ಮಾತು. ಏಣಿ ಹತ್ತಿ, ಫ್ಯಾನಿನ ರೆಕ್ಕೆಗೆ ಬೆರಳು ತಾಗಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಹಿಂದಿಯಲ್ಲಿ, ಇದನ್ನು ತೆಗೆಯಬೇಕು, ಇದು ಮನೆಗೆ ಹಾಕುವುದಲ್ಲ, ಸಣ್ಣದು ಹಾಕಿ ಅಂದ. ತೆಗೆದದ್ದನ್ನು ಏನು ಮಾಡುವುದು ಅಂದೆ. "ಆಪ್ ಕಹೇಂ ತೋ ಮೈಂ ಲೇ ಜಾವೂಂಗಾ" ಅಂದ, ನೀವು ಹೇಳಿದರೆ ನಾನೇ ಒಯ್ಯುತ್ತೇನೆ ಅಂತ.

ಇಷ್ಟು ಸಾಕಾಯಿತು ನನಗೆ. ನಾವು ಕನ್ನಡದವರಿಗೆ ಇಲ್ಲೊಂದು ಸೌಲಭ್ಯವಿದೆ. ಅಂಗಡಿಯವನ ಎದುರಲ್ಲೇ, ಆಟೋದವನ ಬೆನ್ನ ಹಿಂದೆಯೇ, ನಮ್ಮ ಲೆಕ್ಕಾಚಾರವನ್ನೆಲ್ಲ ಗಟ್ಟಿಯಾಗಿ ಕನ್ನಡದಲ್ಲಿ ಮಾಡಿ ಮುಗಿಸಬಹುದು. ನಾಲ್ಕು ವರ್ಷದಿಂದ ಇದು ನನ್ನ ಗುಪ್ತ ಆಯುಧ. ಮುಖದಲ್ಲಿ ನಗು ಇಟ್ಟುಕೊಂಡೇ ಹೆಂಡತಿಗೆ ಹೇಳಿದೆ: "ನೋಡು, ಈ ಕಳ್ಳನ ಕಣ್ಣು ನಮ್ಮ ಫ್ಯಾನಿನ ಮೇಲಿದೆ. ಕಬ್ಬಿಣದ್ದು, ಬಿಟ್ಟಾನೆಯೇ? ನಾಳೆಯ ಗಡುವಿನ ಮಾತು ಎತ್ತಬೇಡ. ಮುಖ ಸಪ್ಪಗೆ ಮಾಡ್ಕೊಂಡು ಬೇಡ ಅನ್ನು. ಹತ್ತು ನಿಮಿಷದಲ್ಲಿ ತಾನೇ ದಾರಿಗೆ ಬರ್ತಾನೆ."

ಅವನು ಏಣಿಯಿಂದ ಇಳಿದ. ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿದ. ಇನ್ನೊಂದನ್ನೂ ಒರೆಸಿ ಹಾಕಿದ. ಆಮೇಲೆ ನನ್ನ ಕಡೆ ತಿರುಗಿ, "ಮುಖ ಸಪ್ಪಗೆ ಮಾಡೋದು ಬೇಡ ಸಾರ್. ನಾನು ಕಳ್ಳ ಅಲ್ಲ. ಬೆಂಗಳೂರಲ್ಲಿ ಏಳು ವರ್ಷ ಕೆಲಸ ಮಾಡಿದ್ದೀನಿ, ಒಬ್ರೂ ಹಂಗಂದಿಲ್ಲ" ಅಂದ.

ಕನ್ನಡ. ಸ್ವಲ್ಪ ಮೊಂಡಾದ, ಆದರೆ ಗಟ್ಟಿ ಕನ್ನಡ. ಮಗಳು ಬಾಗಿಲಲ್ಲಿ ನಿಂತು ಬಾಯಿ ತೆರೆದಳು. ನಾನು "ಅಯ್ಯೋ, ಅದು ಹಾಗಲ್ಲ ಭಯ್ಯಾ" ಎಂದು ಶುರು ಮಾಡಿದ್ದು ಯಾವ ಭಾಷೆಯಲ್ಲಿ ಮುಗಿಸಬೇಕೋ ತಿಳಿಯದೆ ಅಲ್ಲೇ ನಿಂತಿತು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ಹೆಂಡತಿ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವಳು ಮೇಜಿನ ಮೇಲಿನ ಮೊಬೈಲ್ ತೆಗೆದುಕೊಂಡು, ಮನೆಯ ಚಪ್ಪಲಿಯಲ್ಲೇ ಲಿಫ್ಟಿನ ಕಡೆ ಓಡಿದಳು. ಲಿಫ್ಟು ಆಗಲೇ ಇಳಿದುಹೋಗಿತ್ತು. ಮೆಟ್ಟಿಲಿಗೆ ಹೋದಳು. ಎಂಟು ಮಹಡಿ. ನಾನೂ ಹೊರಟೆ, "ನೀವು ಬರಬೇಡಿ" ಅಂದಳು. ನಾನು ಬಾಗಿಲಿಗೂ ಬಾಲ್ಕನಿಗೂ ನಡುವೆ ಓಡಾಡಿದೆ. ಬಾಲ್ಕನಿಯಿಂದ ಗೇಟು ಕಾಣುತ್ತದೆ. ಬೇವಿನ ಮರದ ಕೆಳಗೆ ಅವಳು ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದಳು, ಅವನು ಚೀಲ ಇಳಿಸಿರಲಿಲ್ಲ. ಅವಳು ಏನೋ ಹೇಳಿದಳು. ಆಮೇಲೆ ಮೊಬೈಲನ್ನು ಅವನ ಕಿವಿಯ ಹತ್ತಿರ ಹಿಡಿದಳು. ಅವನು ಒಂದು ಕಿವಿಗೆ ಬೆರಳಿಟ್ಟುಕೊಂಡು ಕೇಳಿದ. ಬಹಳ ಹೊತ್ತು ಕೇಳಿದ, ಇಡೀ ಪಾಠವನ್ನೇ ಕೇಳುತ್ತಿದ್ದಾನೋ ಅನ್ನಿಸುವಷ್ಟು ಹೊತ್ತು.

ಏನು ಹೇಳಿದಳೆಂದು ಆಮೇಲೆ ಕೇಳಿದೆ. ಹೇಳಿದ್ದು ಇಷ್ಟೇ: ನನಗೆ ನಾಳೆ ಸಂಜೆಯವರೆಗೆ ಮಾತ್ರ ಸಮಯವಿದೆ, ನಾಲ್ಕು ವರ್ಷದ ಮೇಲೆ ಸಿಕ್ಕ ಕೆಲಸ, ಇದು ಹೋದರೆ ಇನ್ನೊಂದು ಸಿಗುವುದಿಲ್ಲ. ಯಾವುದನ್ನು ಮುಚ್ಚಿಡು ಎಂದು ನಾನು ಕಲಿಸಿದ್ದೆನೋ ಅದನ್ನೆಲ್ಲ ಬಿಚ್ಚಿ ಹಾಸಿದ್ದಳು, ಥಾನು ಬಿಚ್ಚಿದ ಹಾಗೆ.

ಇಬ್ಬರೂ ಲಿಫ್ಟಿನಲ್ಲಿ ಬಂದರು. ಅವನು ನನ್ನ ಜೊತೆ ಮಾತಾಡಲಿಲ್ಲ. ಅವಳಿಗೆ ತೋರಿಸಿದ. "ನೋಡಿ ಮೇಡಂ, ಸ್ವಿಚ್ ಆಫ್ ಇದೆ. ಆದ್ರೂ ತಿರುಗ್ತಾ ಇದೆ." ನಿಜ. ಶಾಫ್ಟಿನ ಗಾಳಿಗೆ ಆ ದೊಡ್ಡ ರೆಕ್ಕೆ ನಿಧಾನವಾಗಿ ಸುತ್ತುತ್ತಿತ್ತು, ಒಂದೊಂದು ಸುತ್ತಿಗೂ ಪ್ಲೈವುಡ್ಡಿಗೆ ತಾಗಿ ಟಕ್. "ಇದಕ್ಕೆ ಮುಚ್ಚಳ ಇಲ್ಲ. ಸಣ್ಣ ಫ್ಯಾನಿಗೆ ಹಿಂದೆ ಪಟ್ಟಿ ಇರುತ್ತೆ, ಆಫ್ ಆದ ಕೂಡ್ಲೇ ಬಿದ್ದು ಮುಚ್ಕೊಳ್ಳುತ್ತೆ. ಇಲ್ಲಿ ಇಷ್ಟು ದೊಡ್ಡ ತೂತು ತೆರೆದೇ ಇದೆ. ಎಲ್ಲಾ ಮನೆ ಸದ್ದೂ ನಿಮ್ಮ ಬೆಡ್‌ರೂಮಿಗೇ ಬರುತ್ತೆ."

ಗುಂಯ್ ಅನ್ನುವುದೂ ಟಕ್ ಟಕ್ ಅನ್ನುವುದೂ ನಾನು ಮೂರು ಸಲ ಮೆಟ್ಟಿಲು ಇಳಿದು ಗೆದ್ದು ತಂದ ಸಾಮಾನು. ಆರು ಡಬ್ಬ ಕೊಟ್ಟದ್ದೂ ಅದಕ್ಕೇ. ನಾನು ಅಟ್ಟ ಹತ್ತಿ ಹಳೆಯ ಪ್ಲಾಸ್ಟಿಕ್ ಫ್ಯಾನು ಇಳಿಸಿ, ಧೂಳು ಒರೆಸಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಬಿಚ್ಚಿ, ಎಣ್ಣೆ ಹಾಕಿ, ಅಲುಗುತ್ತಿದ್ದ ಬುಷ್ ಬದಲಿಸಿದ. ಪ್ಲೈವುಡ್ ಕಿತ್ತು, ಹೊಸ ಹಲಗೆಯನ್ನು ರಬ್ಬರಿನ ಪಟ್ಟಿ ಕೊಟ್ಟು ಕೂರಿಸಿದ. ಬಲ್ಬಿಗೆ ಬೇರೆ ಸ್ವಿಚ್ ಮಾಡಿದ. ನಾನು ಏಣಿ ಹಿಡಿದುಕೊಂಡಿದ್ದೆ. ಎರಡು ಗಂಟೆ ಹಿಡಿದುಕೊಂಡಿದ್ದೆ, ಒಂದೇ ಒಂದು ಸಲಹೆ ಕೊಡದೆ.

ಮುಗಿದ ಮೇಲೆ ಎಷ್ಟಾಯಿತು ಎಂದು ಕೇಳಿದೆ. ಹೇಳಿದ. ನನ್ನ ಬಾಯಿ ತಾನಾಗಿ ತೆರೆಯಿತು, ಇಪ್ಪತ್ತೈದು ವರ್ಷದ ಅಭ್ಯಾಸ. ಹೆಂಡತಿ ಅವನಿಗೂ ಕೇಳಿಸಲಿ ಎಂಬ ಹಾಗೆ, ಅಚ್ಚ ಕನ್ನಡದಲ್ಲಿ "ಕೊಡ್ರೀ" ಅಂದಳು. ಅವನು ಮೊದಲ ಸಲ ನಕ್ಕ. ಕೊಟ್ಟೆ. "ಭಯ್ಯಾ, ನಾನು ಹಾಗೆ ಅನ್ನಬಾರದಿತ್ತು" ಅಂದೆ. "ಅಣ್ಣ ಅನ್ನಿ ಸಾರ್" ಅಂದ. ದೊಡ್ಡ ಫ್ಯಾನು ಒಯ್ಯಿ ಅಂದರೆ ಬೇಡ ಅಂದ. ಹೋಗುವಾಗ ಅವಳಿಗೆ, "ಮಧ್ಯಾಹ್ನ ಎರಡರಿಂದ ನಾಲ್ಕು ಓದಿ ಮೇಡಂ, ಆಗ ಶಾಫ್ಟು ತಣ್ಣಗಿರುತ್ತೆ" ಎಂದು ಹೇಳಿ ಹೋದ. ಇದು ಬಿಟ್ಟಿ ಸಲಹೆ. ನನಗೆ ಅಂಥದ್ದು ಹೊಳೆದಿರಲಿಲ್ಲ.

ಶನಿವಾರ ಎರಡು ಗಂಟೆಗೆ ನನ್ನನ್ನೂ ಮಗಳನ್ನೂ ಹೊರಗೆ ಹಾಕಿ ಬಾಗಿಲು ಹಾಕಿಕೊಂಡಳು. ನಾವು ಮೆಟ್ಟಿಲ ಮೇಲೆ ಕೂತೆವು. ನನಗೆ ಕೂರಲಾಗದೆ ಎದ್ದೆ, ಚಪ್ಪಲಿ ಸದ್ದು ಮಾಡುತ್ತದೆಂದು ಬಿಚ್ಚಿ ಕೈಯಲ್ಲಿ ಹಿಡಿದೆ. ಮಗಳು ಪಿಸುಗುಟ್ಟಿದಳು, "ಪಪ್ಪಾ, ಬೈಠೋ ನಾ, ಅಮ್ಮ ಚೆನ್ನಾಗಿ ಓದ್ತಾಳೆ." ಅವಳ ಬಾಯಲ್ಲಿ ಒಂದು ಪೂರ್ತಿ ಕನ್ನಡ ವಾಕ್ಯ ಯಾವಾಗ ಕೇಳಿದ್ದೆನೋ ನೆನಪಿಲ್ಲ. ಕೂತೆ. ಒಂಬತ್ತನೇ ಮಹಡಿಯ ಆಂಟಿ ಇಳಿದುಬಂದು ಬಾಯಿ ತೆರೆದರು, ನಾನು ಕೈ ಮುಗಿದೆ.

ಅವಳು ಮೂರೂವರೆಗೆ ಪಾಠ ಕಳಿಸಿದಳು. ಐದಾಯಿತು, ಆರಾಯಿತು. ಟೀ ಮಾಡಿದೆ, ಯಾರೂ ಕುಡಿಯಲಿಲ್ಲ. ಬಾಲ್ಕನಿಯಲ್ಲಿದ್ದ ಕಬ್ಬಿಣದ ಫ್ಯಾನಿಗೆ ನಾನು ಎರಡು ಸಲ ಎಡವಿದೆ. ಆರೂ ಮುಕ್ಕಾಲಿಗೆ ಮೊಬೈಲು ಟಿಂಗ್ ಅಂದಿತು. ಅವಳು ಓದಿ ನನ್ನ ಕೈಗೆ ಕೊಟ್ಟಳು. ಪಾಠ ಒಪ್ಪಿಗೆಯಾಗಿದೆ, ಮುಂದಿನ ಹನ್ನೆರಡನ್ನು ಕಳಿಸುತ್ತಿದ್ದೇವೆ, ಯಾವಾಗ ಶುರು ಮಾಡಬಲ್ಲಿರಿ ಎಂದು.

ನನ್ನ ಜೀವಕ್ಕೆ ಸಮಾಧಾನವಾಯಿತು, ಕೂಡಲೇ ಬುದ್ಧಿಯೂ ಓಡಿತು. "ನೋಡು, ಈಗ ಇವತ್ತೇ ಉತ್ತರ ಕೊಡಬೇಡ. ಸೋಮವಾರದ ತನಕ ಸುಮ್ಮನಿರು. ನಮಗೆ ಅವಸರ ಇದೆ ಅಂತ ಅವರಿಗೆ..."

"ರೀ," ಅಂದಳು. ಮೊಬೈಲು ಅವಳ ಕೈಗೆ ವಾಪಸ್ ಹೋಗಿತ್ತು. ಇಣುಕಿ ನೋಡಿದೆ. ಆಗಲೇ ಬರೆದು ಕಳಿಸಿಬಿಟ್ಟಿದ್ದಳು: ತುಂಬಾ ಸಂತೋಷ, ನಾಳೆಯಿಂದಲೇ.

ಮರುದಿನ ಭಾನುವಾರ. ಎರಡು ಹೊಡೆಯುತ್ತಿದ್ದ ಹಾಗೇ ನಾನು ಯಾರೂ ಹೇಳುವ ಮೊದಲೇ ಬಚ್ಚಲ ಫ್ಯಾನು ಆರಿಸಿದೆ. ಪಟ್ಟಿ ಟಪ್ ಎಂದು ಬಿದ್ದು ಮುಚ್ಚಿಕೊಂಡಿತು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಗೆ ನಡೆದೆ.