ನೀಲಿ ಬಳಿದ ಬ್ರಿಟನ್ನರಿಗೆ ಕೊಟ್ಟ ಸೊನ್ನೆ

ನೈರೋಬಿಯ ನ್ಗಾರಾ ಬಡಾವಣೆಯ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಅನ್ನುವುದು ದೊಡ್ಡ ಮಾತು. ಮೈಸೂರಿನ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಹೇಳಿ ಬರೆಸಿದ್ದ ನೋಟ್ಸನ್ನೇ ಅಲ್ಲಿನ ಮಕ್ಕಳಿಗೂ ವರ್ಷಗಟ್ಟಲೆ ಹೇಳಿ ಬರೆಸಿದೆ. ಅದರಲ್ಲಿದ್ದದ್ದು ಬರೆದರೆ ಅಂಕ, ಇಲ್ಲದ್ದು ಬರೆದರೆ ಕೆಂಪು ಗೀಟು. ಆ ಶಿಸ್ತಿನ ಬಗ್ಗೆ ನನಗೆ ಜಂಬ ಬೇರೆ.

ಸಾಹಿತ್ಯದಲ್ಲಿ ಪುರಾತನ ಬ್ರಿಟನ್ನರ ಚಿತ್ರಣಕ್ಕೆ ಒಂದೂವರೆ ಪುಟದ ನೋಟ್ಸು. ಅವರು ಮೈಗೆ ನೀಲಿ ಬಳಿದುಕೊಳ್ಳುವ ಕಾಡುಜನ, ರೋಮನ್ನರು ಬಂದು ತಿದ್ದಿದರು. ಅದೇ ಜನರ ದಂತಕಥೆಯ ರಾಜ ಮಾತ್ರ ಮಹಾ ಧರ್ಮಿಷ್ಠ. ಅವನು ಸತ್ತಿಲ್ಲ, ಬೆಟ್ಟದಡಿ ಮಲಗಿದ್ದಾನೆ, ನಾಡಿಗೆ ಕಷ್ಟ ಬಂದಾಗ ಎದ್ದು ಬರುತ್ತಾನೆ.

2010ರ ದಶಕದ ಮಧ್ಯದಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಿರುಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಬೇರೆಯೇ ಬರೆದಳು. 'ಕಾಡುಜನ ಎಂದವರು ಗೆದ್ದ ಶತ್ರುಗಳು, ರಾಜ ಎಂದವರು ಸೋತವರ ಮೊಮ್ಮಕ್ಕಳು. ಬಿಳಿಯರ ಪುಸ್ತಕದಲ್ಲಿ ನನ್ನ ತಾತನೂ ಕಾಡುಮನುಷ್ಯ. ನಮ್ಮಜ್ಜಿಯ ಬಾಯಲ್ಲಿ ಅವನು ರಾಜ.' ನಾನು ಸೊನ್ನೆ ಸುತ್ತಿ, 'ನೋಟ್ಸಿನಲ್ಲಿಲ್ಲ' ಎಂದು ಬರೆದೆ.

ಮನೆಯಲ್ಲಿ ನನ್ನ ಗಂಡ ಕಾಫಿ ಕುಡಿಯುತ್ತ ಆ ಉತ್ತರ ಓದಿದರು. ಅವರು ಡಾಕ್ಟರು, ಸಾಹಿತ್ಯದ ಗಂಧ ಅಷ್ಟಕ್ಕಷ್ಟೆ.

"ಚೆನ್ನಾಗೇ ಬರ್ದಿದಾಳಲ್ಲೇ. ಜೀರೋ ಯಾಕೆ ಕೊಟ್ಟೆ?"

"ನೋಟ್ಸಲ್ಲಿ ಇಲ್ಲ ಕಣ್ರೀ."

"ಆ ನೋಟ್ಸ್ ಯಾರು ಬರ್ದಿದ್ದು?"

ನಮ್ಮ ಮೇಷ್ಟ್ರು. ಅವರಿಗೆ ಬರೆಸಿದವರು ಯಾರೋ ಇಂಗ್ಲೆಂಡಿನಿಂದ ಬಂದ ದೊರೆ. ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ.

ಮರುದಿನ ಕ್ಷಮೆ ಕೇಳಲೆಂದೇ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆಸಿದೆ. ಅಲ್ಲಿ ಬೇರೆ ಟೀಚರುಗಳಿದ್ದರು. ಹಾಳು ಮರ್ಯಾದೆ ಅಡ್ಡ ಬಂತು. "ದೊಡ್ಡ ಪರೀಕ್ಷೆಯಲ್ಲಿ ಹೀಗೆಲ್ಲ ಬರೆಯಬೇಡ, ಫೇಲಾಗ್ತೀಯ" ಎಂದು ಇಂಗ್ಲಿಷಿನಲ್ಲಿ ಗದರಿಬಿಟ್ಟೆ. ಅವಳು ಸರಿ ಟೀಚರ್ ಎಂದು ಹೋದಳು.

ವರ್ಷದ ಕೊನೆಯ ಪರೀಕ್ಷೆಗೆ ಬೇಕೆಂದೇ ಅದೇ ಪ್ರಶ್ನೆ ಹಾಕಿದೆ. ಈ ಸಲ ಅವಳಿಗೆ ಪೂರ್ತಿ ಅಂಕ ಕೊಟ್ಟು ಪಾಪ ತೊಳೆದುಕೊಳ್ಳುವ ಆಸೆ. ಕಟ್ಟು ಬಿಚ್ಚಿ ಮೊದಲು ಅವಳ ಉತ್ತರಪತ್ರಿಕೆ ಹುಡುಕಿದೆ. ಒಂದಕ್ಷರ ಬಿಡದೆ ನನ್ನ ನೋಟ್ಸು ಬರೆದಿದ್ದಳು. ಬ್ರಿಟನ್ನರು ಕಾಡುಜನ, ರೋಮನ್ನರು ಬಂದು ತಿದ್ದಿದರು. ಅವಳ ತಾತ ಎಲ್ಲೂ ಇರಲಿಲ್ಲ.

ಪೂರ್ತಿ ಅಂಕ ಕೊಟ್ಟೆ.