ಖಾನಾಪುರದ ಹಂಚಿನವನು

ಆ ಮುಂಜಾನೆಯೂ ಹಾಲು ಕಾಯಲಿಟ್ಟು, ಅಡುಗೆಮನೆಯಲ್ಲಿ ಉದುರಿದ್ದ ಹಂಚಿನ ಪುಡಿ ಗುಡಿಸುತ್ತಿದ್ದೆ. ಆಣೆಕಲ್ಲಿನ ಮಳೆಗೆ ಹಂಚು ಒಡೆದು ವಾರವಾಗಿತ್ತು. ಅನಗೋಳದ ನಮ್ಮ ಮನೆಯದು ಹಳೆಯ ಅಚ್ಚಿನ ಹಂಚು. ಹೊಸದು ಅದರೊಂದಿಗೆ ಕೂಡುತ್ತಿರಲಿಲ್ಲ. ಛಾವಣಿ ಪೂರ್ತಿ ಬದಲಿಸಬೇಕೆಂದರೆ ನನ್ನ ಕೈಯ ಬಂಗಾರದ ಪಾಟ್ಲಿ ಮಾರಬೇಕಿತ್ತು.

ಖಾನಾಪುರದ ಹಂಚಿನವನು ಒಂದೊಂದೇ ಹಂಚನ್ನು ಬೆರಳಗಂಟಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಿದ್ದ. "ಹೊಂದಬೇಕ್ರೀ ಬಾಯಾರ, ಹೊಂದಬೇಕು" ಎನ್ನುವುದು ಅವನ ಮಾತು. ಮೊದಲ ದಿನವೇ ನನ್ನ ಕೈ ನೋಡಿ, "ಅವನ್ನ ತಗೀಬ್ಯಾಡ್ರಿ. ಹಳೇ ಹಂಚು ಹುಡುಕಿ ತರ್ತೀನಿ" ಅಂದಿದ್ದ.

ಆ ಮುಂಜಾನೆ ಗಾಡಿಯಲ್ಲಿ ಐವತ್ತು ಹಂಚು ತಂದ. ಅದೇ ಅಚ್ಚು. ಒಳಮೈಗೆಲ್ಲ ಒಲೆಯ ಮಸಿ ಹತ್ತಿತ್ತು.

"ಯಾರ ಮನೀವು ಇವು?"

"ಹೊಂದತಾವಲ್ರೀ, ಸಾಕು."

ಸಂಜೆಯೊಳಗೆ ಛಾವಣಿ ಮುಚ್ಚಿತು. ಕೂಲಿಯನ್ನೂ ಹಳೆ ಹಂಚಿನ ಅಲ್ಪ ಬೆಲೆಯನ್ನೂ ಇಸಿದುಕೊಂಡು, ಅಂಗಳದಿಂದ ಒಮ್ಮೆ ಮೇಲೆ ನೋಡಿ ಹೊರಟುಹೋದ.

ದಿನಾ ಖಾನಾಪುರದ ಸಾಲೆಗೆ ಹೋಗಿಬರುವ ಬಾಜೂಮನೆಯ ಮಾಸ್ತರರು ಆಗಷ್ಟೇ ಬಂದು ಚಪ್ಪಲಿ ಬಿಡುತ್ತ ನಕ್ಕರು:

"ನಿಮ್ಮ ಹಂಚಿನಾಂವ ಮಜಾ ಅದಾನ್ರೀ ಅಕ್ಕಾರ. ಊರಿಗೆಲ್ಲ ಹಂಚು ಹೊದಸ್ತಾನ, ಇವತ್ತ ನೋಡಿದ್ರ ತನ್ನ ಅಡಗಿಮನಿ ಮ್ಯಾಲೆ ತಗಡು ಬಡದಾನ!"