ನಾನು ಕುಡಿಯದೆ ಬಿಟ್ಟ ‘ದು’ ಕಾಫಿ

ಜರ್ಮನ್ ಭಾಷೆಯಲ್ಲಿ ‘ನೀನು’ ಎನ್ನಲು ‘ದು’ ಎನ್ನುತ್ತಾರೆ, ‘ನೀವು’ ಎನ್ನಲು ‘ಝೀ’ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಎರಕದ ಕಾರ್ಖಾನೆ ಸೇರಿದ ನನಗೆ ಆ ಭಾಷೆಯಲ್ಲಿ ಇವತ್ತಿಗೂ ಗಟ್ಟಿಯಾಗಿ ನೆನಪಿರುವುದು ಈ ಎರಡು ಪದಗಳು. ಒಬ್ಬರು ನನ್ನ ಹತ್ತಿರ ಬಂದು ಇನ್ನು ಮೇಲೆ ‘ದು’ ಅನ್ನೋಣವೇ ಎಂದು ಕೇಳಿದ್ದರು. ಆಗ ನಾನು ಮಾಡಿದ್ದನ್ನು ಯಾರಿಗೂ ಹೇಳದೆ ಬಹಳ ಕಾಲ ಇಟ್ಟುಕೊಂಡಿದ್ದೆ.

ಆ ಒಬ್ಬರು ಭದ್ರಾವತಿಯಲ್ಲಿ ನಮ್ಮ ಕಾರ್ಖಾನೆಯ ಕ್ರೇನ್ ಆಪರೇಟರ್. ನಾನು ಅದೇ ವಿಭಾಗದ ಫೋರ್‌ಮನ್. ಅವರು ಮೇಲೆ ಕ್ರೇನಿನ ಗೂಡಿನಲ್ಲಿ ಕೂತಿದ್ದರೆ ನಾನು ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದೆ. ನಾನು ಅವರಿಗೆ ‘ಬಾರೋ’, ‘ಎತ್ತೋ’, ‘ಎಲ್ಲಿ ನೋಡ್ತಿದ್ದೀಯೋ’ ಎನ್ನುತ್ತಿದ್ದೆ. ಅವರು ನನಗೆ ‘ಸಾರ್’ ಎನ್ನುತ್ತಿದ್ದರು. ಅದರಲ್ಲಿ ಏನಾದರೂ ಐಬಿದೆ ಎಂದು ಆಗ ನನಗೆ ಹೊಳೆದಿರಲಿಲ್ಲ. ಇಲ್ಲಿ ಮಾತ್ರ ‘ಅವರು’ ಎಂದೇ ಬರೆಯುತ್ತೇನೆ.

ತೊಂಬತ್ತರ ದಶಕದ ನಡುವೆ ಒಂದು ದಿನ ಮಾಲೀಕರು ನಮ್ಮನ್ನೆಲ್ಲ ಕರೆದು, ಜರ್ಮನಿಯಿಂದ ಒಂದು ಅಚ್ಚು ಹಾಕುವ ಯಂತ್ರ ತರಿಸುವ ಯೋಚನೆಯಿದೆ, ಅದನ್ನು ಕೂರಿಸಲು ಅಲ್ಲಿಯ ಇಂಜಿನಿಯರ್ ಬರುತ್ತಾನೆ, ನಮ್ಮಲ್ಲಿ ಒಬ್ಬನನ್ನು ತರಬೇತಿಗೆ ಅಲ್ಲಿಗೆ ಕಳಿಸಬೇಕಾಗಬಹುದು ಎಂದರು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬ ಮೇಡಂ ಭಾನುವಾರ ಜರ್ಮನ್ ಹೇಳಿಕೊಡುತ್ತಾರೆ, ಆಸಕ್ತಿ ಇದ್ದವರು ಹೋಗಿ ಎಂದೂ ಹೇಳಿದರು. ವಿಮಾನ ಹತ್ತುವ ಆಸೆಗೆ ನಾನು ಹೊರಟೆ. ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದರೆ ಇಸ್ತ್ರಿ ಅಂಗಿ ಹಾಕಿಕೊಂಡು ಕ್ರೇನ್ ಆಪರೇಟರ್ ನಿಂತಿದ್ದಾರೆ.

“ನಿಂಗ್ಯಾಕೋ ಜರ್ಮನ್ನು? ನಿನ್ನೇನು ವಿಮಾನದಲ್ಲಿ ಕಳಿಸ್ತಾರಾ?”

“ನಾನು ದಿನಾ ಮೇಲೇ ಇರ್ತೀನಲ್ಲ ಸಾರ್, ವಿಮಾನ ಯಾಕೆ?” ಎಂದು ನಕ್ಕರು. “ಆ ದೊರೆ ಬಂದು ಕೆಳಗೆ ನಿಂತು ‘ನಿಲ್ಲಿಸು’ ಅಂತ ಕೂಗ್ತಾನೆ ಅಂತಿಟ್ಕೊಳ್ಳಿ. ನಾನು ಅದನ್ನ ‘ಇಳಿಸು’ ಅಂದ್ಕೊಂಡ್ರೆ ಮಿಷಿನ್ನು ಸೀದಾ ಅವನ ತಲೆ ಮೇಲೆ ಕೂರುತ್ತೆ. ನಾಕು ಪದ ಸಾಕು ಸಾರ್. ಎತ್ತು, ಇಳಿಸು, ಮೆಲ್ಲಗೆ, ನಿಲ್ಲಿಸು.”

ಶಾಲೆ ಎಂದರೆ ಒಂದು ಪ್ರೈಮರಿ ಸ್ಕೂಲಿನ ಕೋಣೆ. ಒಂದನೇ ಕ್ಲಾಸಿನ ಮಕ್ಕಳ ಬೆಂಚಿನಲ್ಲಿ ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಕಾಲೇಜು ಹುಡುಗಿಯರು, ಒಬ್ಬ ಬೇಕರಿಯವರು, ಒಬ್ಬ ನರ್ಸು, ರಿಟೈರಾದ ಒಬ್ಬ ಪೋಸ್ಟ್‌ಮಾಸ್ಟರು ಹೀಗೆ ಒಂದು ಕೋಣೆ ತುಂಬುವಷ್ಟು ಜನ. ಮೇಡಂ ಗಂಡನ ಕೆಲಸದ ಕಾರಣಕ್ಕೆ ಜರ್ಮನಿಯಲ್ಲಿ ಬಹಳ ವರ್ಷ ಇದ್ದು, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದವರು. ಭಾಷೆಯಷ್ಟೇ ಕಲಿಸಿದರೆ ಅವರಿಗೆ ಸಮಾಧಾನವಿರಲಿಲ್ಲ. ಅಲ್ಲಿಯ ಪದ್ಧತಿಗಳನ್ನೂ ತಂದು ದುರ್ಗಿಗುಡಿಯಲ್ಲಿ ನೆಟ್ಟಿದ್ದರು. ಅಲ್ಲಿ ಮೊದಲ ದಿನ ಶಾಲೆಗೆ ಬರುವ ಮಗುವಿನ ಕೈಗೆ ಕೊಂಬಿನ ಹಾಗೆ ಸುತ್ತಿದ ದೊಡ್ಡ ಕಾಗದದ ಪೊಟ್ಟಣ ತುಂಬ ಸಿಹಿ ಕೊಡುತ್ತಾರಂತೆ. ನಮಗೂ ಕೊಟ್ಟರು, ಕ್ಯಾಲೆಂಡರಿನ ಹಾಳೆ ಸುತ್ತಿ ಒಳಗೆ ಮಂಡಕ್ಕಿ, ಮೇಲೆ ಒಂದು ತುಂಡು ಕೊಬ್ಬರಿಮಿಠಾಯಿ. ಮೀಸೆ ಬಂದ ಗಂಡಸು ಅದನ್ನು ಹಿಡಿದು ಬೀದಿಯಲ್ಲಿ ಹೇಗೆ ನಡೆಯುವುದೆಂದು ನಾನು ಕೋಣೆಯಲ್ಲೇ ತಿಂದು ಮುಗಿಸಿದೆ. ಕ್ರೇನ್ ಆಪರೇಟರ್ ಮಾತ್ರ ಎದೆಗೆ ಒತ್ತಿ ಹಿಡಿದುಕೊಂಡು ಮನೆಗೆ ಒಯ್ದರು.

ತರಗತಿ ಮುಗಿದಾಗ ಎಲ್ಲರೂ ಒಟ್ಟಿಗೆ ‘ಬಿಸ್ ಝೊಂಟಾಗ್’ ಎನ್ನಬೇಕಿತ್ತು. ಭಾನುವಾರ ಸಿಗೋಣ ಎಂದು ಅರ್ಥ. ಅದು ಕ್ರೇನ್ ಆಪರೇಟರ್ ಬಾಯಲ್ಲಿ ಎರಡನೇ ವಾರಕ್ಕೇ ‘ಬಿಸಿ ಸೊಂಟ’ ಆಯಿತು. ಆಮೇಲೆ ಕೋಣೆಯಲ್ಲಿ ಎಲ್ಲರೂ ಹಾಗೇ ಅಂದರು. ಶನಿವಾರ ಶಿಫ್ಟು ಮುಗಿಯುವಾಗ ಕ್ರೇನಿನ ಗೂಡಿನಿಂದ ತಲೆ ಹೊರಗೆ ಹಾಕಿ “ಬಿಸಿ ಸೊಂಟ ಸಾರ್!” ಎಂದು ಅವರು ಕೂಗಿದರೆ ಕೆಳಗಿದ್ದವರು ನನಗೇನೋ ಸೊಂಟನೋವು ಎಂದುಕೊಳ್ಳುತ್ತಿದ್ದರು.

ಶಾಲೆಯ ಗಟ್ಟಿ ನಿಯಮ ಒಂದಿತ್ತು. ಕೋಣೆಯೊಳಗೆ ಯಾರು ಯಾರಿಗೇ ಆಗಲಿ ‘ಝೀ’ ಎನ್ನಬೇಕು. ಅಂದರೆ ನಾನು ನನ್ನ ಕ್ರೇನ್ ಆಪರೇಟರಿಗೆ ‘ನೀವು’ ಎನ್ನಬೇಕು. ಬೇರೆ ಭಾಷೆಯಾದ್ದರಿಂದ ನಾಲಿಗೆ ಅಷ್ಟು ತಡೆಯಲಿಲ್ಲ. ಕಷ್ಟ ಬಂದದ್ದು ಅವರ ಕಡೆಯಿಂದ. ಅವರ ಮನೆಮಾತು ತಮಿಳು. ‘ಝ’ ಅವರ ಬಾಯಲ್ಲಿ ಹೊರಳುತ್ತಿರಲಿಲ್ಲ. ‘ವೀ ಹೈಸನ್ ಝೀ’ ಅಂದರೆ ‘ನಿಮ್ಮ ಹೆಸರೇನು’. ಮೇಡಂ ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿ ಕೇಳಿಸಿದಾಗ ಅವರು ಕೈಮುಗಿದು, ತುಂಬ ಗೌರವದಿಂದ, “ವೀ ಹೈಸನ್ ಛೀ?” ಎಂದರು.

ಕೋಣೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆದರೆ ಅದು ಹೇಗೋ ಭದ್ರಾವತಿಯ ತನಕ ಬಂತು. ಕ್ಯಾಂಟೀನಿನಲ್ಲಿ ಇನ್ನೊಂದು ವಿಭಾಗದ ಫೋರ್‌ಮನ್ ಎಲ್ಲರಿಗೂ ಕೇಳುವ ಹಾಗೆ ಶುರುಮಾಡಿದ: “ಏನ್ರೀ, ಭಾನುವಾರ ಶಿವಮೊಗ್ಗದ ತನಕ ಬಸ್ ಹತ್ಕೊಂಡು ಹೋಗಿ ಕ್ರೇನಿನವನ ಕೈಲಿ ಛೀ ಅನ್ನಿಸ್ಕೊಂಡು ಬರ್ತೀರಂತೆ? ಇಲ್ಲೇ ಹೇಳಿದ್ರೆ ನಾವೇ ಅಂತಿದ್ವಲ್ಲ ಮಾರಾಯ್ರೆ!”

ಮಾತು ಅಲ್ಲಿಗೆ ನಿಲ್ಲಲಿಲ್ಲ. ತರಗತಿಯಲ್ಲಿ ವಯಸ್ಸು ಹೇಳುವ ಪಾಠ ಬಂದಾಗ ಅವರು ನನಗಿಂತ ಎರಡು ವರ್ಷಕ್ಕೆ ದೊಡ್ಡವರೆಂದು ಗೊತ್ತಾಯಿತು. “ಲೆಕ್ಕದಲ್ಲಿ ನಾನು ನಿಮಗೆ ಅಣ್ಣ ಆಗ್ಬೇಕು ಸಾರ್” ಎಂದು ಬಸ್ಸಿನಲ್ಲಿ ಖುಷಿಯಿಂದ ಹೇಳಿದರು. ನಾವು ಪ್ರತಿ ಭಾನುವಾರ ಹೋಗುವಾಗ ಬರುವಾಗ ಒಂದೇ ಸೀಟಿನಲ್ಲಿ ಕೂರುತ್ತಿದ್ದೆವು. ಬಸ್ಸು ಊರಿನ ಹತ್ತಿರ ಬರುತ್ತಿದ್ದಂತೆ, ಕಾರ್ಖಾನೆಯವರು ಯಾರಾದರೂ ಹತ್ತಿಯಾರೆಂದು ನಾನು ಸ್ವಲ್ಪ ಸರಿದು ಕೂರಲು ಶುರುಮಾಡಿದೆ. ಇದು ಅವರ ಗಮನಕ್ಕೆ ಬಂತೋ ಇಲ್ಲವೋ ಗೊತ್ತಿಲ್ಲ.

ನವೆಂಬರಿನಲ್ಲಿ ಮೇಡಂ ದೀಪದ ಭಾನುವಾರ ಮಾಡುತ್ತಿದ್ದರು. ಕುದುರೆಯ ಮೇಲೆ ಹೋಗುತ್ತಿದ್ದ ಒಬ್ಬ ಸೈನಿಕ ಚಳಿಯಲ್ಲಿ ನಡುಗುವ ಭಿಕ್ಷುಕನನ್ನು ಕಂಡು, ತಾನು ಹೊದ್ದ ಬಟ್ಟೆಯನ್ನು ಕತ್ತಿಯಿಂದ ಎರಡಾಗಿ ಕತ್ತರಿಸಿ ಅರ್ಧ ಕೊಟ್ಟನಂತೆ. ಅವನ ನೆನಪಿಗೆ ಅಲ್ಲಿಯ ಮಕ್ಕಳು ದೀಪ ಹಿಡಿದು ಬೀದಿ ಸುತ್ತುತ್ತಾರೆ.

“ಪೂರ್ತಿ ಕೊಡ್ಬೋದಿತ್ತಲ್ಲ ಮೇಡಂ, ಅರ್ಧ ಯಾಕೆ?” ಎಂದು ಕ್ರೇನ್ ಆಪರೇಟರ್ ಕೇಳಿದರು.

“ಪೂರ್ತಿ ಕೊಟ್ಟಿದ್ರೆ ಅದು ದಾನ ಆಗ್ತಿತ್ತು. ಅರ್ಧ ಕೊಟ್ಟಿದ್ದಕ್ಕೆ ಇಬ್ಬರದ್ದೂ ಒಂದೇ ಬಟ್ಟೆ ಆಯ್ತು ನೋಡಿ” ಎಂದರು ಮೇಡಂ.

ನಾವು ದೀಪಾವಳಿಗೆ ಕಟ್ಟಿ ಉಳಿದ ಆಕಾಶಬುಟ್ಟಿಗಳನ್ನು ಕೋಲಿಗೆ ಸಿಕ್ಕಿಸಿ, ಒಳಗೆ ಮೇಣದಬತ್ತಿ ಹಚ್ಚಿ, ಮುಸ್ಸಂಜೆಯಲ್ಲಿ ದುರ್ಗಿಗುಡಿಯ ಎರಡು ಬೀದಿ ಸುತ್ತಿದೆವು. ಜಗಲಿಯ ಮೇಲೆ ಕೂತ ಅಜ್ಜಿಯೊಬ್ಬರು “ಹಬ್ಬ ಮುಗೀತಲ್ರೋ, ಇದೇನಿದು ಮತ್ತೆ?” ಎಂದು ಕೇಳಿದರು. ಪೋಸ್ಟ್‌ಮಾಸ್ಟರು “ಇದು ಜರ್ಮನಿ ದೀಪಾವಳಿ ಅಜ್ಜೀ, ಲೇಟಾಗಿ ಬಂದಿದೆ” ಎಂದರು.

ಕೋಣೆಗೆ ಮರಳಿದ ಮೇಲೆ ವರ್ಷಕ್ಕೊಮ್ಮೆಯ ‘ದು’ ಕಾಫಿ. ‘ಝೀ’ ಎನ್ನುತ್ತಿದ್ದ ಇಬ್ಬರು ‘ದು’ಗೆ ಇಳಿಯಬೇಕೆಂದರೆ ಅಲ್ಲಿ ಅದಕ್ಕೊಂದು ಕ್ರಮವಿದೆ. ವಯಸ್ಸಿನಲ್ಲಿ ದೊಡ್ಡವರೇ ಮೊದಲು ಕೇಳಬೇಕು. ಚಿಕ್ಕವರು ಕೇಳುವಂತಿಲ್ಲ. ಕೇಳಿದ ಮೇಲೆ ಇಬ್ಬರೂ ಮೊಣಕೈಗೆ ಮೊಣಕೈ ಕೊಂಡಿ ಹಾಕಿಕೊಂಡು ತಮ್ಮ ತಮ್ಮ ಲೋಟದಿಂದ ಕುಡಿಯಬೇಕು. ಅಲ್ಲಿ ವೈನು, ಇಲ್ಲಿ ಫಿಲ್ಟರ್ ಕಾಫಿ. ಒಮ್ಮೆ ‘ದು’ ಆದರೆ ಹಿಂದಕ್ಕೆ ಹೋಗುವಂತಿಲ್ಲ. ಪೋಸ್ಟ್‌ಮಾಸ್ಟರು ಬೇಕರಿಯವರನ್ನು ಕೇಳಿದರು, ಕಾಫಿ ಇಬ್ಬರ ಅಂಗಿಯ ಮೇಲೂ ಚೆಲ್ಲಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಕ್ರೇನ್ ಆಪರೇಟರ್ ಎರಡು ಲೋಟ ಹಿಡಿದು ನನ್ನ ಕಡೆ ಬಂದರು. ನನ್ನ ಎದುರು ನಿಂತು ‘ನಾವು ದು ಅನ್ನೋಣವೇ’ ಎಂಬ ಜರ್ಮನ್ ವಾಕ್ಯವನ್ನು ಎಲ್ಲಿಯೂ ತಡವರಿಸದೆ ಹೇಳಿದರು. ಆ ವಾಕ್ಯದಲ್ಲಿ ಒಂದು ‘ಝ’ ಕೂಡ ಬರುತ್ತದೆ. ಅದೂ ಸರಿಯಾಗಿತ್ತು. ಎಷ್ಟು ಸಲ ಹೇಳಿ ಅಭ್ಯಾಸ ಮಾಡಿದ್ದರೋ.

ಅವರು ಕೇಳಿದ್ದು ದೊಡ್ಡದೇನಲ್ಲ. ಭಾನುವಾರ, ಆ ಕೋಣೆಯಲ್ಲಿ, ಆ ಭಾಷೆಯಲ್ಲಿ ಮಾತ್ರ ನಾವಿಬ್ಬರೂ ಒಬ್ಬರನ್ನೊಬ್ಬರು ಗೆಳೆಯರ ಹಾಗೆ ಕರೆಯುವುದು. ನನಗೆ ಕಂಡದ್ದು ಸೋಮವಾರದ ಕ್ಯಾಂಟೀನು. ‘ಛೀ ಆಯ್ತು, ಈಗ ನೀನು ಅಂತಾನಂತೆ’ ಎಂಬ ಮಾತು ಆಗಲೇ ಕಿವಿಗೆ ಬಿತ್ತು. ಮುಖಕ್ಕೆ ರಕ್ತ ನುಗ್ಗಿತು.

“ಛೀ” ಎಂದೆ.

ಕೋಣೆ ಮತ್ತೆ ನಕ್ಕಿತು. ‘ದು ಬೇಡ, ಝೀ ಇರಲಿ’ ಎಂದು ಅವರದೇ ಉಚ್ಚಾರಣೆಯಲ್ಲಿ ನಾನು ತಮಾಷೆ ಮಾಡಿದೆ ಎಂದುಕೊಂಡರು. ನರ್ಸು “ಸರಿಯಾಗಿ ತಿರುಗಿಸಿಕೊಟ್ರು ಬಿಡಿ!” ಎಂದರು. ಕ್ರೇನ್ ಆಪರೇಟರ್ ಒಬ್ಬರೇ ನಗಲಿಲ್ಲ. ನನ್ನ ಮುಖ ನೋಡುತ್ತಿದ್ದವರು ಅವರೊಬ್ಬರೇ. ಕರಗಿದ ಕಬ್ಬಿಣ ತುಂಬಿದ ಬಾನಿಯನ್ನು ಕ್ರೇನಿನಿಂದ ಇಳಿಸುವಷ್ಟು ಮೆಲ್ಲಗೆ, ಎರಡೂ ಲೋಟಗಳನ್ನು ಸದ್ದಿಲ್ಲದೆ ಬೆಂಚಿನ ಮೇಲಿಟ್ಟು, ಹೊರಗೆ ಹೋಗಿ ಆಕಾಶಬುಟ್ಟಿಗಳ ಮೇಣದಬತ್ತಿ ಆರಿಸತೊಡಗಿದರು.

ಹೊರಡುವಾಗ ಮೇಡಂ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು. “ನೀವು ಆಗ ಅಂದಿದ್ದು ಏನು?”

“ಝೀ ಅಂದೆ ಮೇಡಂ. ವಯಸ್ಸಲ್ಲಿ ದೊಡ್ಡವನು, ಗೌರವ ಇರ್ಲಿ ಅಂತ.”

“ಹಾಗಾದ್ರೆ ಉಚ್ಚಾರಣೆ ತಿದ್ದಿಕೊಳ್ಳಿ” ಎಂದರು.

ಆ ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಕ್ರೇನ್ ಆಪರೇಟರ್ ಭದ್ರಾವತಿಯ ತನಕ ಕಂಬಿ ಹಿಡಿದು ನಿಂತೇ ಬಂದರು. ಮುಂದಿನ ಭಾನುವಾರ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಕೆಲಸದಲ್ಲಿ ಎಂದಿನ ಹಾಗೇ ಇದ್ದರು. ‘ಸಾರ್’ ಎನ್ನುತ್ತಿದ್ದರು, ಸನ್ನೆ ಮಾಡಿದ ಕಡೆ ಇಳಿಸುತ್ತಿದ್ದರು. ಶನಿವಾರ ಶಿಫ್ಟು ಮುಗಿಯುವಾಗ ಮಾತ್ರ ಗೂಡಿನಿಂದ ತಲೆ ಹೊರಗೆ ಬರಲಿಲ್ಲ. ನಾನು ಕೆಳಗೆ ಸುಮ್ಮನೆ ಏನೋ ಹುಡುಕುವವನಂತೆ ನಿಂತು ಕಾಯುತ್ತಿದ್ದೆ. ಒಂದು ಮಾತು ಆಡಿಬಿಡಬಹುದಿತ್ತು. ‘ನಾನು ಅಂದಿದ್ದು ಝೀ’ ಎಂದು ಮೇಡಂಗೆ ಹೇಳಿದ ಸುಳ್ಳನ್ನು ನನಗೆ ನಾನೇ ಹೇಳಿಕೊಂಡು ವರ್ಷಗಳನ್ನು ಕಳೆದೆ.

ಜರ್ಮನಿಯ ಯಂತ್ರ ಬರಲಿಲ್ಲ. ಕೊನೆಗೆ ಕೊಯಮತ್ತೂರಿನಿಂದ ಒಂದು ಹಳೆಯ ಯಂತ್ರ ಬಂತು. ಕೂರಿಸಲು ಬಂದವನು ತಮಿಳಿನಲ್ಲಿ ಕೂಗುತ್ತಿದ್ದ, ಅವರು ಮೇಲಿನಿಂದ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದರು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಕೆಳಗೆ ನಿಂತಿದ್ದೆ.

ಅವರು ನನಗಿಂತ ಮೊದಲು ನಿವೃತ್ತರಾದರು. ಆಮೇಲೆ ನಾನೂ ಆದೆ. ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿದೆ. ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಮೇಡಂ ಮೈಸೂರಿನ ತಂಗಿಯ ಮನೆಗೆ ಹೋಗಿ ಇರುವುದೆಂದು ತೀರ್ಮಾನಿಸಿ, ಶಾಲೆಯ ಕಡೆಯ ಭಾನುವಾರಕ್ಕೆ ಹಳಬರನ್ನೆಲ್ಲ ಫೋನ್ ಮಾಡಿ ಕರೆದರು. ನಾನು ಹೋದಾಗ ಕ್ರೇನ್ ಆಪರೇಟರ್ ಅದೇ ಚಿಕ್ಕ ಬೆಂಚಿನಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

“ಕೂತ್ಕೊಳ್ಳಿ” ಎಂದೆ. ಕನ್ನಡದಲ್ಲಿ ಅವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವರು ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು.

ಪಕ್ಕದಲ್ಲಿ ಕೂತು ಹೇಳಿದೆ. “ಅವತ್ತು ನಾನು ಅಂದಿದ್ದು ಝೀ ಅಲ್ಲ. ಛೀನೇ.”

“ಗೊತ್ತು ಸಾರ್” ಎಂದರು. “ನಮ್ಮ ಭಾಷೇಲೂ ಅದಕ್ಕೆ ಅದೇ ಅರ್ಥ.”

ನನಗೆ ತಲೆ ಎತ್ತಲಾಗಲಿಲ್ಲ. “ತಪ್ಪಾಯ್ತು. ದೊಡ್ಡವರು ನೀವು. ನೀವೇ ಕೇಳ್ಬೇಕು, ನಾನು ಕೇಳೋ ಹಾಗಿಲ್ಲ. ಇವತ್ತು ಇನ್ನೊಂದ್ಸಲ ಕೇಳ್ತೀರಾ?”

ಅವರು ಎದುರಿಗೆ ಸಾಲಾಗಿಟ್ಟ ಕಾಫಿ ಲೋಟಗಳನ್ನು ನೋಡಿದರು. “ಕಾಫಿ ಬಿಟ್ಟಿದೀನಿ ಸಾರ್, ಶುಗರ್ರು” ಎಂದರು. ಆಮೇಲೆ ಸಿಟ್ಟಿಲ್ಲದೆ ಹೇಳಿದರು: “ಅವತ್ತು ನೀವು ಹೂಂ ಅಂದಿದ್ರೆ ಸೋಮವಾರ ನಿಮಗೆ ಕಷ್ಟ ಆಗ್ತಿತ್ತು. ಅದು ಗೊತ್ತಿದ್ದೇ ಕೇಳಿದ್ದೆ, ನೋಡೋಣ ಅಂತ. ಈಗ ನಿಮಗೂ ಸೋಮವಾರ ಇಲ್ಲ, ನನಗೂ ಇಲ್ಲ. ಈಗ ಅಂದ್ರೆ ಏನು ಸಾರ್, ಅನ್ನದಿದ್ರೆ ಏನು.”

ಮೇಡಂ ಎರಡು ಮಾತಾಡಿದರು, ಪೋಸ್ಟ್‌ಮಾಸ್ಟರು ಕಣ್ಣೊರೆಸಿಕೊಂಡರು. ಹೊರಗೆ ಕ್ರೇನ್ ಆಪರೇಟರನ್ನು ಬಸ್ಸಿನ ತನಕ ಕಳಿಸಲು ಹೋದೆ. ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ಅವರು ತಲೆ ಹೊರಗೆ ಹಾಕಿದರು.

“ಬಿಸಿ ಸೊಂಟ, ಸಾರ್.”

ಮುಂದಿನ ಭಾನುವಾರ ತರಗತಿ ಇರಲಿಲ್ಲ. ಅದು ಬಾಯಿ ರೂಢಿಗೆ ಬಂದ ಮಾತಿರಬಹುದು ಎಂದುಕೊಂಡೆ. ಆದರೂ ಭಾನುವಾರ ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿ, ಹಳೇನಗರದಲ್ಲಿ ಅವರ ಮನೆ ಕೇಳಿಕೊಂಡು ಹೋಗಿ ಬಾಗಿಲು ತಟ್ಟಿದೆ. ಸಕ್ಕರೆಯಿಲ್ಲದ ಚಹಾ ಕೊಟ್ಟರು. ಮಂಡಿನೋವಿನ ಬಗ್ಗೆ ಮಾತಾಡಿದೆವು.

ಈಗಲೂ ಆಗಾಗ ಭಾನುವಾರ ಹೋಗುತ್ತೇನೆ. ನಾನು ಅವರಿಗೆ ‘ನೀವು’ ಎನ್ನುತ್ತೇನೆ. “ಹಾಗನ್ಬೇಡಿ ಸಾರ್, ಯಾರೋ ಬೇರೆಯವರ ಹತ್ರ ಮಾತಾಡ್ದಂಗೆ ಆಗುತ್ತೆ” ಎಂದು ಅವರು ಗೊಣಗುತ್ತಾರೆ. ‘ದು’ ಎಂದು ಅವರು ಮತ್ತೆ ಕೇಳಿಲ್ಲ. ಕೇಳುವ ಹಕ್ಕು ದೊಡ್ಡವರದು. ನಾನು ಚಹಾ ಲೋಟ ಹಿಡಿದು ಅವರ ಎದುರು ಕೂತಿರುತ್ತೇನೆ.